ಗೋಡೆಗೆ ನೇತುಹಾಕಿದ ಗಾರ್ಡ್

ಆಯುಧಪೂಜೆಯ ದಿನ ವರ್ಕ್‌ಶಾಪ್‌ಗಳನ್ನು ನೋಡಬೇಕು. ವರ್ಷವಿಡೀ ಎಣ್ಣೆ ಮತ್ತು ಕಬ್ಬಿಣದ ಪುಡಿಯಲ್ಲಿ ಮುಳುಗಿದ್ದ ಯಂತ್ರಗಳು ಅಂದು ಮಿಂದು ಮಡಿಯಾಗಿ, ವಿಭೂತಿ ಕುಂಕುಮ ಇಟ್ಟುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿರುತ್ತವೆ. ಬಾಗಿಲಲ್ಲಿ ಬೂದುಗುಂಬಳ ಒಡೆದಿರುತ್ತದೆ. ಅಪ್ಪ ಕೆಲಸ ಮಾಡುವ ಯಂತ್ರ ಯಾವುದು ಎಂದು ನೋಡಲು ಮಕ್ಕಳು ಹೊಸ ಬಟ್ಟೆ ತೊಟ್ಟು ಬಂದಿರುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಅಂಥದೊಂದು ಪೂಜೆಗೆ ಹೋಗಿದ್ದಾಗ ನನ್ನ ಕಣ್ಣು ಒಂದು ಗೋಡೆಯ ಮೇಲೆ ನಿಂತಿತು. ಪವರ್ ಪ್ರೆಸ್‌ನ ಹಿಂದೆ, ಮೊಳೆಯೊಂದಕ್ಕೆ, ಹಳದಿ ಬಣ್ಣ ಬಳಿದ ಕಬ್ಬಿಣದ ಜಾಲರಿಯನ್ನು ನೇತುಹಾಕಿದ್ದರು. ಅದು ಆ ಪ್ರೆಸ್‌ನ ಗಾರ್ಡ್. ಪ್ರೆಸ್‌ನ ಬಾಯಿಗೆ ಕೈ ಹೋಗದಂತೆ ತಡೆಯಬೇಕಾದ ವಸ್ತು. ಅದಕ್ಕೂ ಕುಂಕುಮ ಹಚ್ಚಿದ್ದರು. ಯಾಕೆ ಬಿಚ್ಚಿಟ್ಟಿದ್ದೀರಿ ಎಂದು ಕೇಳಿದೆ. ‘ಹಾಕಿದ್ರೆ ಪೀಸ್ ಕಮ್ಮಿ ಬರ್ತವೆ ಸಾರ್. ನಮ್ಮ ಹುಡುಗ್ರು ಹುಷಾರಾಗೇ ಮಾಡ್ತಾರೆ’ ಎಂದರು.

ಈ ಲೇಖನ ಆ ‘ಹುಷಾರು’ ಎಂಬ ಪದದ ಬಗ್ಗೆ. ಕೆಲಸದ ಜಾಗದ ಸುರಕ್ಷತೆ ಎಂದರೆ ಕೆಲಸಗಾರ ಎಚ್ಚರವಾಗಿರುವುದು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಮಾಲೀಕರು ಮಾತ್ರವಲ್ಲ, ಕೆಲಸಗಾರರೂ ನಂಬಿದ್ದಾರೆ. ಬೆರಳು ಕಳೆದುಕೊಂಡವರನ್ನು ಕೇಳಿ: ‘ನಂದೇ ತಪ್ಪು, ಗಮನ ಎಲ್ಲೋ ಇತ್ತು’ ಎನ್ನುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ, ಯಂತ್ರದ ವಿಜ್ಞಾನವೂ ಹಾಗೆ ಹೇಳುವುದಿಲ್ಲ. ದಿನಕ್ಕೆ ನಾಲ್ಕೈದು ಸಾವಿರ ಸಲ ಒಂದೇ ಜಾಗಕ್ಕೆ ಕೈ ಹಾಕಿ ತೆಗೆಯುವ ಮನುಷ್ಯನ ಗಮನ ಒಂದು ಸಲ ತಪ್ಪೇ ತಪ್ಪುತ್ತದೆ. ಆ ಒಂದು ಸಲಕ್ಕೂ ಕೈ ಉಳಿಯುವಂತೆ ಯಂತ್ರವನ್ನು ಸಿದ್ಧಪಡಿಸಿ ಇಡುವುದು ಮಾಲೀಕರ ಕರ್ತವ್ಯ.

ಪ್ರೆಸ್ ಹೇಗೆ ಕಚ್ಚುತ್ತದೆ

ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಮೈಸೂರಿನ ಹೆಬ್ಬಾಳ, ಮಂಗಳೂರಿನ ಬೈಕಂಪಾಡಿ: ನಮ್ಮ ಯಾವ ಕೈಗಾರಿಕಾ ಪ್ರದೇಶಕ್ಕೆ ಹೋದರೂ ‘ಧಡ್ ಧಡ್’ ಎಂಬ ಸದ್ದು ಕೇಳಿದರೆ ಹತ್ತಿರದಲ್ಲೆಲ್ಲೋ ಪವರ್ ಪ್ರೆಸ್ ಇದೆ ಎಂದು ತಿಳಿಯಬಹುದು. ತಗಡಿನ ಹಾಳೆಯನ್ನು ಡೈ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿನ ರ‍್ಯಾಮ್ ಟನ್‌ಗಟ್ಟಲೆ ಭಾರದೊಂದಿಗೆ ಇಳಿದು ವಾಷರ್, ಬ್ರ್ಯಾಕೆಟ್, ಬಾಗಿಲ ಹಿಂಜು ಏನು ಬೇಕೋ ಅದನ್ನು ಕತ್ತರಿಸಿ ಕೊಡುತ್ತದೆ.

ಹಳೆಯ ಪ್ರೆಸ್‌ಗಳಲ್ಲಿ ಮುಖ್ಯವಾದದ್ದು ಎರಡು ಭಾಗ. ಒಂದು, ಪಕ್ಕದಲ್ಲಿ ಸದಾ ತಿರುಗುತ್ತಿರುವ ದೊಡ್ಡ ಚಕ್ರ, ಫ್ಲೈವೀಲ್. ಶಕ್ತಿಯೆಲ್ಲ ಅದರಲ್ಲಿ ಕೂಡಿಕೊಂಡಿರುತ್ತದೆ. ಇನ್ನೊಂದು, ಆ ಚಕ್ರವನ್ನು ರ‍್ಯಾಮ್‌ಗೆ ಜೋಡಿಸುವ ಕ್ಲಚ್. ಹೆಚ್ಚಿನ ಸಣ್ಣ ಶೆಡ್‌ಗಳಲ್ಲಿರುವುದು ಪಿನ್ ಅಥವಾ ಕೀ ಕ್ಲಚ್. ಪೆಡಲ್ ಒತ್ತಿದ ಕೂಡಲೇ ಒಂದು ಉಕ್ಕಿನ ತುಂಡು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ರ‍್ಯಾಮ್ ಪೂರ್ತಿ ಒಂದು ಸುತ್ತು ಕೆಳಗಿಳಿದು ಮೇಲೇರುವವರೆಗೆ ಅದನ್ನು ಯಾರೂ ತಡೆಯುವಂತಿಲ್ಲ. ಕಾಲು ತೆಗೆದರೂ ನಿಲ್ಲುವುದಿಲ್ಲ, ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ. ಚಕ್ರದಲ್ಲಿ ಕೂಡಿದ ಶಕ್ತಿ ತನ್ನ ಕೆಲಸ ಮುಗಿಸಿಯೇ ಬಿಡುತ್ತದೆ.

ಅಪಾಯ ಇಷ್ಟಕ್ಕೇ ನಿಂತಿಲ್ಲ. ಆ ಕೀ ಸವೆದರೆ, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ತುಂಡಾದರೆ, ಬ್ರೇಕ್ ಸಡಿಲವಾದರೆ, ರ‍್ಯಾಮ್ ಮೇಲೇರಿ ನಿಲ್ಲಬೇಕಾದಲ್ಲಿ ನಿಲ್ಲದೆ ಮತ್ತೊಮ್ಮೆ ತಾನಾಗಿ ಇಳಿಯುತ್ತದೆ. ಆಪರೇಟರುಗಳು ಇದನ್ನು ‘ಡಬಲ್’ ಎನ್ನುತ್ತಾರೆ. ‘ಡಬಲ್ ಹೊಡೀತು’. ಪೆಡಲ್ ಮೇಲೆ ಕಾಲೇ ಇಲ್ಲ, ಆದರೂ ರ‍್ಯಾಮ್ ಇಳಿಯಿತು. ಮುಗಿದ ಪೀಸ್ ತೆಗೆಯಲೆಂದು ಕೈ ಡೈ ಮೇಲಿರುವುದು ಆ ಕ್ಷಣದಲ್ಲೇ. ಇಲ್ಲಿ ಎಷ್ಟು ಹುಷಾರಾಗಿದ್ದರೇನು? ತಪ್ಪು ಮಾಡಿದ್ದು ಹತ್ತಿಪ್ಪತ್ತು ರೂಪಾಯಿಯ ಸ್ಪ್ರಿಂಗ್, ಅದನ್ನು ಬದಲಿಸದೆ ಬಿಟ್ಟವರು.

ಇತ್ತೀಚೆಗೆ ಕೆಲವು ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಹಣ ಖರ್ಚು ಮಾಡಿ ಹಳೆಯ ಪ್ರೆಸ್‌ಗೆ ಬೆಳಕಿನ ಸೆನ್ಸರ್ ಹಾಕಿಸುತ್ತಿದ್ದಾರೆ. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಬೇಕು ಎಂಬುದು ಲೆಕ್ಕ. ಗಾಳಿಯ ಒತ್ತಡದಿಂದ ನಡೆಯುವ ಫ್ರಿಕ್ಷನ್ ಕ್ಲಚ್‌ನ ಪ್ರೆಸ್‌ನಲ್ಲಿ ಈ ಲೆಕ್ಕ ಸರಿ, ಅದು ನಡುದಾರಿಯಲ್ಲಿ ನಿಲ್ಲಬಲ್ಲದು. ಪಿನ್ ಕ್ಲಚ್ ಪ್ರೆಸ್‌ನಲ್ಲಿ ಸೆನ್ಸರ್ ಕೂಗಿಕೊಂಡರೂ ರ‍್ಯಾಮ್ ಕೇಳುವುದಿಲ್ಲ, ನಿಲ್ಲುವ ಶಕ್ತಿಯೇ ಅದಕ್ಕಿಲ್ಲ. ಎರಡೂ ಕೈಯಲ್ಲಿ ಗುಂಡಿ ಒತ್ತಬೇಕಾದ ವ್ಯವಸ್ಥೆಯೂ ‘ಡಬಲ್’ ಹೊಡೆತದಿಂದ ಕಾಪಾಡದು. ಸೆನ್ಸರ್ ಮಾರುವವರು ಇದನ್ನು ಹೇಳದೆ ಹೋಗಬಹುದು. ಆದ್ದರಿಂದ ದುಡ್ಡು ಕೊಡುವ ಮೊದಲು ನಿಮ್ಮ ಪ್ರೆಸ್‌ನ ಕ್ಲಚ್ ಯಾವುದು ಎಂದು ತಿಳಿದುಕೊಳ್ಳಿ. ಪಿನ್ ಕ್ಲಚ್ ಆದರೆ ನಂಬಬೇಕಾದ್ದು ಡೈ ಸುತ್ತ ಗಟ್ಟಿಯಾಗಿ ಬೋಲ್ಟ್ ಹಾಕಿ ಕೂರಿಸಿದ ಜಾಲರಿಯನ್ನೇ. ತಗಡು ಒಳಗೆ ಹೋಗಬೇಕು, ಬೆರಳು ಹೋಗಬಾರದು. 6 ಮಿಲಿಮೀಟರಿಗಿಂತ ಕಡಿಮೆ ಸಂದು ಇದ್ದರೆ ಸಾಮಾನ್ಯವಾಗಿ ದೊಡ್ಡವರ ಬೆರಳು ತೂರುವುದಿಲ್ಲ.

ಜಾಲರಿ ಹಾಕಿದರೆ ಪೀಸ್ ಕಡಿಮೆ ಬರುತ್ತದೆ ಎಂಬ ಮಾತಿಗೂ ಉತ್ತರ ಇದೆ. ಗಾರ್ಡ್ ಹಾಕಿದ ಮೇಲೂ ಕೈಯಿಂದಲೇ ಒಂದೊಂದು ತುಂಡು ಇಟ್ಟು ತೆಗೆಯಬೇಕೆಂದರೆ ನಿಧಾನವಾಗುವುದು ನಿಜ. ತಗಡಿನ ಪಟ್ಟಿಯನ್ನು ಹೊರಗಿನಿಂದಲೇ ತಳ್ಳುವಂತೆ, ಮುಗಿದ ಪೀಸ್ ಜಾರಿ ಹಿಂದಿನ ಡಬ್ಬಕ್ಕೆ ಬೀಳುವಂತೆ ಡೈಯನ್ನೇ ತಿದ್ದಿಸಿದರೆ ಕೈ ಒಳಗೆ ಹೋಗುವ ಅಗತ್ಯವೇ ಬೀಳುವುದಿಲ್ಲ, ಕೆಲಸವೂ ಚುರುಕಾಗುತ್ತದೆ. ಒಳ್ಳೆಯ ಟೂಲ್‌ರೂಮ್ ಮೇಸ್ತ್ರಿಗಳಿಗೆ ಇದು ಹೊಸ ವಿದ್ಯೆಯಲ್ಲ, ಹೇಳುವವರು ಬೇಕು ಅಷ್ಟೇ.

ಹೆಲ್ಮೆಟ್ ಕೊನೆಗೆ

ಡೈ ತಿದ್ದಿಸುವ ಆ ಮಾತಿನಲ್ಲಿ ಸುರಕ್ಷತೆಯ ಮೂಲಸೂತ್ರವೇ ಇದೆ. ಅಪಾಯವನ್ನು ಕಂಡರೆ ಮೊದಲು ಕೇಳಬೇಕಾದದ್ದು: ಇದನ್ನು ಪೂರ್ತಿ ತೆಗೆದುಹಾಕಬಹುದೇ? ಆಗದಿದ್ದರೆ, ಕಡಿಮೆ ಅಪಾಯದ ಬೇರೊಂದನ್ನು ತರಬಹುದೇ? ಅದೂ ಆಗದಿದ್ದರೆ, ಮನುಷ್ಯನಿಗೂ ಅಪಾಯಕ್ಕೂ ನಡುವೆ ಜಾಲರಿ, ಗೋಡೆ, ಹೊಗೆ ಎಳೆಯುವ ಫ್ಯಾನು ಇಂಥದ್ದನ್ನು ನಿಲ್ಲಿಸಬಹುದೇ? ಇವೆಲ್ಲ ಮುಗಿದ ಮೇಲೆ ನಿಯಮ, ತರಬೇತಿ, ಪಾಳಿಯ ಬದಲಾವಣೆ. ಎಲ್ಲಕ್ಕೂ ಕೊನೆಗೆ ಹೆಲ್ಮೆಟ್, ಕನ್ನಡಕ, ಕೈಗವಸು. ನಮ್ಮಲ್ಲಿ ಈ ಸಾಲು ತಲೆಕೆಳಗಾಗಿದೆ. ಮೊದಲು ಎರಡು ಡಜನ್ ಹೆಲ್ಮೆಟ್ ತಂದು ಫೋಟೊ ತೆಗೆಸುತ್ತಾರೆ, ಗಾರ್ಡ್ ಗೋಡೆಯ ಮೇಲೆಯೇ ಉಳಿಯುತ್ತದೆ.

ಕೊನೆಗೆ ಬರಬೇಕಾದ್ದನ್ನು ಮೊದಲು ತಂದರೆ ಹೊಸ ಅಪಾಯ ಹುಟ್ಟುವುದೂ ಉಂಟು. ಲೇತ್, ಡ್ರಿಲ್ಲಿಂಗ್ ಮೆಷಿನ್‌ನಂಥ ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಲೇಬಾರದು. ಬರಿಗೈಗೆ ತಾಗಿದರೆ ಗಾಯ, ಕೈಗವಸು ಸಿಕ್ಕಿಕೊಂಡರೆ ತೋಳನ್ನೇ ಎಳೆದುಕೊಳ್ಳುತ್ತದೆ. ಸಡಿಲ ತೋಳಿನ ಶರ್ಟು, ದುಪಟ್ಟ, ಸೆರಗು, ಬಿಚ್ಚಿದ ಜಡೆ ಇವಕ್ಕೂ ಅದೇ ಗತಿ. ಚಲಿಸುವ ಯಂತ್ರದ ಹತ್ತಿರ ಕೆಲಸ ಮಾಡುವವರಿಗೆ ಮೈಗೊಪ್ಪುವ ಬಿಗಿಯಾದ ಬಟ್ಟೆ ಬೇಕು, ಅದನ್ನು ಕೊಡಬೇಕಾದವರು ಕಾರ್ಖಾನೆಯವರೇ ಎಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿತ್ತು. ಬಟ್ಟೆ ಸರಿಯಿಲ್ಲ ಎಂದು ಹುಡುಗನನ್ನು ಬೈಯುವ ಮೊದಲು ಬಟ್ಟೆ ಕೊಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಗ್ರೈಂಡಿಂಗ್ ಕಲ್ಲಿನ ವಿಷಯ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಹೊಸ ಕಲ್ಲು ಕೂರಿಸುವ ಮೊದಲು ಬೆರಳಲ್ಲಿ ಹಿಡಿದು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಗಂಟೆಯ ಹಾಗೆ ನಾದ ಬಂದರೆ ಸರಿ, ಮೊಂಡು ಸದ್ದು ಬಂದರೆ ಒಳಗೆ ಬಿರುಕಿದೆ, ಹಾಕಬೇಡಿ. ಕಲ್ಲಿನ ಮೇಲೆ ಬರೆದಿರುವ ವೇಗಕ್ಕಿಂತ ಮೆಷಿನ್‌ನ ವೇಗ ಹೆಚ್ಚಿದ್ದರೆ ಆ ಕಲ್ಲು ಆ ಮೆಷಿನ್‌ಗೆ ಅಲ್ಲ.

ಕಣ್ಣಿಗೆ ಕಾಣದ್ದು

ಬೆರಳು ಹೋದರೆ ರಕ್ತ ಕಾಣುತ್ತದೆ, ಜನ ಓಡಿಬರುತ್ತಾರೆ. ಶ್ವಾಸಕೋಶ ಹೋಗುವುದು ಯಾರಿಗೂ ಕಾಣುವುದಿಲ್ಲ. ಎರಕದ ಫೌಂಡ್ರಿಗಳ ಮರಳು, ಕಲ್ಲು ಕ್ವಾರಿ, ಗ್ರಾನೈಟ್ ಪಾಲಿಶ್, ಇಲ್ಲೆಲ್ಲ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಿಲ್ಲ, ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ, ಕ್ಷಯ ಅಂಟಿಕೊಳ್ಳುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಸಿಲಿಕೋಸಿಸ್ಸನ್ನೇ ಕ್ಷಯವೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗಿದವರಿದ್ದಾರೆ.

ನಮಗೆ ಇದು ಹೊಸ ಸುದ್ದಿಯಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ರೋಗವನ್ನು ವೈದ್ಯರು 1930, 40ರ ದಶಕಗಳಲ್ಲೇ ಗುರುತಿಸಿ ಅಧ್ಯಯನ ಮಾಡಿದ್ದರು. ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ರೂಪಿಸಿತ್ತು. ಎಂಬತ್ತು ವರ್ಷ ಹಿಂದೆಯೇ ಗೊತ್ತಿದ್ದ ರೋಗಕ್ಕೆ ಇವತ್ತೂ ಮುಖಕ್ಕೊಂದು ಟವೆಲ್ ಕಟ್ಟಿಕೊಂಡು ಕಲ್ಲು ಕೊರೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ಟವೆಲ್ ಈ ಕಣಗಳನ್ನು ತಡೆಯುವುದಿಲ್ಲ. ಕೊರೆಯುವಲ್ಲಿ ನೀರು ಹರಿಸಿ ಧೂಳೇ ಏಳದಂತೆ ಮಾಡುವುದು, ಏಳುವ ಜಾಗದಲ್ಲೇ ಎಳೆದುಕೊಳ್ಳುವುದು ಮೊದಲ ಕೆಲಸ. ಮಾಸ್ಕ್ ಅದರ ನಂತರದ್ದು.

ಸದ್ದಿನದೂ ಹೀಗೆಯೇ ನಿಧಾನದ ಹಾನಿ. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಎಂಬುದು ನಮ್ಮ ಕಾರ್ಖಾನೆ ನಿಯಮಗಳು ಇಟ್ಟುಕೊಂಡ ಮಿತಿ. ಐದು ಡೆಸಿಬೆಲ್ ಏರಿದಂತೆಲ್ಲ ಅಲ್ಲಿರಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಅಳೆಯುವ ಉಪಕರಣ ಇಲ್ಲದಿದ್ದರೆ ಒಂದು ಸರಳ ಪರೀಕ್ಷೆ ಇದೆ: ಒಂದು ಮಾರು ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾಗಿ ಬಂದರೆ ಅಲ್ಲಿನ ಸದ್ದು ಕಿವಿಗೆ ಕೆಡುಕು.

ಕಾಣದ ಅಪಾಯಗಳಲ್ಲಿ ಕ್ಷಣಮಾತ್ರದಲ್ಲಿ ಕೊಲ್ಲುವುದು ಟ್ಯಾಂಕಿನೊಳಗಿನ ಗಾಳಿ. ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಸಂಸ್ಕರಣಾ ಘಟಕ, ಕಾರ್ಖಾನೆಯ ತ್ಯಾಜ್ಯದ ಗುಂಡಿ, ಮ್ಯಾನ್‌ಹೋಲ್ ಇಲ್ಲೆಲ್ಲ ಆಮ್ಲಜನಕ ಕಡಿಮೆಯಾಗಿ ಹೈಡ್ರೋಜನ್ ಸಲ್ಫೈಡ್ ತುಂಬಿರಬಹುದು. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಎಂದು ಕೇಳಿರುತ್ತೀರಿ. ಆ ಅನಿಲ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಒಬ್ಬ ಕುಸಿಯುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಪತ್ರಿಕೆಯಲ್ಲಿ ಒಂದೇ ಗುಂಡಿಯಲ್ಲಿ ಎರಡು ಮೂರು ಸಾವು ಎಂದು ಓದುವುದು ಇದರಿಂದಲೇ. ಯಾರೇ ಬಿದ್ದರೂ ಇಳಿಯಬೇಡಿ. ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ಗಾಳಿ ಊದಿಸಿ, ಮೇಲಿನಿಂದಲೇ ಹಗ್ಗದಲ್ಲಿ ಎಳೆಯಿರಿ. ಹಾಗೆ ಎಳೆಯಬೇಕಾದರೆ ಇಳಿಯುವ ಮೊದಲೇ ಸೊಂಟಕ್ಕೆ ಬೆಲ್ಟು, ಹಗ್ಗ ಕಟ್ಟಿರಬೇಕು, ಮೇಲೊಬ್ಬ ಕದಲದೆ ನಿಂತಿರಬೇಕು.

ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಅಂಥ ಸಾವಿಗೆ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಗಳು ಇದನ್ನು ಎರಡು ಸಲ ಓದಬೇಕು. ಕೆಲಸ ಮಾಡಿಸುವವರು ನೀವಾದರೆ ‘ಕಂಟ್ರಾಕ್ಟರ್ ಕಳಿಸಿದ್ದು’ ಎಂಬ ಮಾತು ನಿಮ್ಮನ್ನು ಕಾಪಾಡುತ್ತದೆ ಎಂದುಕೊಳ್ಳಬೇಡಿ.

ಕಾನೂನು ಏನು ಕೇಳುತ್ತದೆ

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿತು. ಕೆಲಸ ಮಾಡದಿದ್ದ ಸುರಕ್ಷತಾ ವ್ಯವಸ್ಥೆಗಳ ಬೆಲೆಯನ್ನು ಸಾವಿರಾರು ಜನ ಪ್ರಾಣದಿಂದ ತೆತ್ತರು. ಅದರ ಬಿಸಿಯಲ್ಲಿ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು, 7ಎ ಎಂಬ ಕಲಂ ಸೇರಿತು. ಅದರ ಸಾರ ಹೀಗೆ: ಯಂತ್ರವೂ ಕೆಲಸದ ಪದ್ಧತಿಯೂ ಅಪಾಯವಿಲ್ಲದಂತೆ ಇರಬೇಕು, ವಸ್ತುಗಳನ್ನು ಸಾಗಿಸುವ, ಶೇಖರಿಸುವ ಕ್ರಮ ಸುರಕ್ಷಿತವಾಗಿರಬೇಕು, ಮಾಹಿತಿ, ತರಬೇತಿ, ಮೇಲ್ವಿಚಾರಣೆ ಒದಗಿಸಬೇಕು, ಬರುವ ಹೋಗುವ ದಾರಿ ಸುರಕ್ಷಿತವಾಗಿರಬೇಕು. ಇದೆಲ್ಲ ‘ಸಾಧ್ಯವಿರುವ ಮಟ್ಟಿಗೆ’ ಮಾಲೀಕರ ಹೊಣೆ. ಅಲ್ಲಿಯವರೆಗೆ ಬೇಲಿ ಇಷ್ಟಿರಬೇಕು, ಕಿಟಕಿ ಇಷ್ಟಿರಬೇಕು ಎಂದು ಒಂದೊಂದಾಗಿ ಹೇಳುತ್ತಿದ್ದ ಕಾನೂನು, ಪಟ್ಟಿಯಲ್ಲಿ ಇಲ್ಲದ ಅಪಾಯವನ್ನೂ ನೀವೇ ಹುಡುಕಿ ತೆಗೆಯಿರಿ ಎಂದದ್ದು ಆಗಲೇ. 1995ರಲ್ಲಿ ಕಲ್ನಾರಿನ ಕಾರ್ಖಾನೆಗಳ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕರ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು.

ಈಗ ಕಾನೂನಿನ ರೂಪ ಬದಲಾಗಿದೆ. 2020ರಲ್ಲಿ ಸಂಸತ್ತು ಒಪ್ಪಿದ್ದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕಾರ್ಖಾನೆ, ಗಣಿ, ಕಟ್ಟಡ ನಿರ್ಮಾಣ, ಗುತ್ತಿಗೆ ಕಾರ್ಮಿಕರು ಹೀಗೆ ಬೇರೆ ಬೇರೆ ಇದ್ದ ಹದಿಮೂರು ಕಾಯ್ದೆಗಳು ಇದರಲ್ಲಿ ಸೇರಿವೆ. ಬದಲಾವಣೆಯ ಈ ಅವಧಿಯಲ್ಲಿ ಹೊಸ ನಿಯಮಗಳು ಬರುವವರೆಗೆ ಹಳೆಯ ನಿಯಮಗಳು ನಡೆಯುತ್ತವೆ ಎಂದು ಕೇಂದ್ರ ಸರ್ಕಾರ ತಿಳಿಸಿದೆ. ಕಾನೂನು ಬದಲಾಗಿದೆ, ಈಗ ಯಾವುದೂ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೊಸ ಸಂಹಿತೆಯ 6ನೇ ಕಲಂ ಮಾಲೀಕರ ಕರ್ತವ್ಯಗಳನ್ನು ಹೇಳುತ್ತದೆ. ಗಾಯ ಅಥವಾ ಕಾಯಿಲೆ ತರುವ ಅಪಾಯಗಳಿಂದ ಕೆಲಸದ ಜಾಗ ಮುಕ್ತವಾಗಿರಬೇಕು. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ನಿಗದಿತ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ನಲವತ್ತು ದಾಟಿದವರಿಗೆ ಇದು ಸಿಗಬೇಕು ಎಂದು ಸರ್ಕಾರ ಹೇಳಿದೆ. ಸುರಕ್ಷತೆಗಾಗಿ ಕೊಟ್ಟ ಯಾವುದಕ್ಕೂ ಕೆಲಸಗಾರನಿಂದ ಹಣ ಪಡೆಯುವಂತಿಲ್ಲ. ಶೂ, ಹೆಲ್ಮೆಟ್ಟಿನ ಲೆಕ್ಕವನ್ನು ಮೊದಲ ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳುವ ರೂಢಿ ಹಲವು ಕಡೆ ಇದೆ. ಅದು ಕಾನೂನಿಗೆ ವಿರುದ್ಧ.

ದಂಡದ ಮೊತ್ತವೂ ಏರಿದೆ. ಕರ್ತವ್ಯ ಉಲ್ಲಂಘನೆಯಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ತೀವ್ರ ಗಾಯವಾದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 2ರಿಂದ 4 ಲಕ್ಷ ದಂಡ, ಅಥವಾ ಎರಡೂ. ದಂಡದ ಕನಿಷ್ಠ ಅರ್ಧಭಾಗವನ್ನು ಗಾಯಗೊಂಡವರಿಗೆ ಅಥವಾ ಸತ್ತವರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇದು ನನಗೆ ಸಂಹಿತೆಯಲ್ಲಿ ಮೆಚ್ಚುಗೆಯಾದ ಅಂಶ.

ಮೆಚ್ಚುಗೆಯಾಗದ್ದೂ ಇದೆ. ವಿದ್ಯುತ್ ಬಳಸಿ ನಡೆಯುವ ಘಟಕದಲ್ಲಿ ಮೊದಲು 10 ಜನ ಇದ್ದರೆ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು, ಈಗ 20 ಜನ ಬೇಕು. ಸಾಮಾನ್ಯ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವುದು 500 ಜನ ಇದ್ದಾಗ. ಏಳೆಂಟು ಜನರ ಶೆಡ್‌ಗಳು ನಮ್ಮ ಕೈಗಾರಿಕಾ ಪ್ರದೇಶಗಳ ತುಂಬ ಇವೆ. ಪಿನ್ ಕ್ಲಚ್ ಪ್ರೆಸ್‌ಗಳು ಹೆಚ್ಚಾಗಿ ಇರುವುದೂ ಅಂಥ ಕಡೆಯೇ. ಅಲ್ಲಿ ಸುರಕ್ಷತಾ ಅಧಿಕಾರಿ ಇಲ್ಲ, ಇನ್‌ಸ್ಪೆಕ್ಟರ್ ಬರುವುದಿಲ್ಲ, ಎಲ್ಲವೂ ಮಾಲೀಕರೊಬ್ಬರ ಮೇಲೆ ನಿಂತಿದೆ. ಆದರೆ ಸಣ್ಣ ಶೆಡ್ ಎಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಒಬ್ಬನೇ ಕೆಲಸಗಾರ ಇದ್ದರೂ ಯಂತ್ರದ ಅಪಘಾತಕ್ಕೆ ಪರಿಹಾರ ಕೊಡಬೇಕು. ಯಂತ್ರವನ್ನು ಅಜಾಗರೂಕವಾಗಿ ಇಟ್ಟುಕೊಂಡದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 289ನೇ ಕಲಂ ಇದೆ, ನಿರ್ಲಕ್ಷ್ಯದಿಂದ ಸಾವಾದರೆ 106ನೇ ಕಲಂ ಇದೆ.

ತರಬೇತಿ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ನಮ್ಮ ಶೆಡ್‌ಗಳಲ್ಲಿ ಇಂದು ರಾಯಚೂರು, ಕಲಬುರಗಿಯ ಹುಡುಗರ ಪಕ್ಕದಲ್ಲೇ ಒಡಿಶಾ, ಬಿಹಾರ, ಜಾರ್ಖಂಡ್‌ನ ಹುಡುಗರು ಕೂತಿರುತ್ತಾರೆ. ಗೋಡೆಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಕಾಯ್ದೆಯ ಸಾರಾಂಶವನ್ನು ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ತೂಗುಹಾಕಬೇಕು ಎಂದು ಹಳೆಯ ಕಾಯ್ದೆಯೇ ಹೇಳಿತ್ತು. ನಮ್ಮ ಜನಕ್ಕೆ ಕನ್ನಡದಲ್ಲಿ, ಬಂದವರಿಗೆ ಅವರ ಭಾಷೆಯಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಯಂತ್ರದ ಮುಂದೆ ನಿಲ್ಲಿಸಿ ಕೈಯಿಂದ ತೋರಿಸಿ ಹೇಳಬೇಕು. ಹೊಸಬನನ್ನು ಮೊದಲ ದಿನವೇ ಪ್ರೆಸ್ ಮೇಲೆ ಕೂರಿಸಬಾರದು.

ಅಪಘಾತವಾದ ಮೇಲೆ

ಬೆರಳು ತುಂಡಾದರೆ ಮೊದಲ ಕೆಲಸ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯುವುದು. ತುಂಡಾದ ಭಾಗವನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟು ಒಯ್ಯಬೇಕು. ನೇರವಾಗಿ ಐಸ್ ಮೇಲೆ ಇಟ್ಟರೆ ಜೀವಕೋಶ ಸಾಯುತ್ತದೆ, ಮತ್ತೆ ಕೂಡುವುದಿಲ್ಲ. ಆರು ಗಂಟೆಯೊಳಗೆ, ಬೆರಳು ಮರುಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆ ಸೇರಬೇಕು. ಅಂಥ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಎಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಪ್ರೆಸ್ ಪಕ್ಕದ ಗೋಡೆಯ ಮೇಲೆ ಬರೆಯಿಸಿಡಿ.

ಗಾಯಾಳು ಹೊರಟ ಮೇಲೆ ಯಂತ್ರವನ್ನು ತೊಳೆದು ಗಾರ್ಡ್ ತಂದು ಕೂರಿಸಿಬಿಡುವುದು ಕೆಲವು ಕಡೆ ನಡೆಯುತ್ತದೆ. ಅದು ಸಾಕ್ಷ್ಯ ಅಳಿಸುವ ಕೆಲಸ. ಇದ್ದದ್ದು ಇದ್ದ ಹಾಗೆ ಫೋಟೊ ತೆಗೆದಿಡಬೇಕು. ಸಾವು ಅಥವಾ 48 ಗಂಟೆ ಕೆಲಸಕ್ಕೆ ಬಾರದಂಥ ಗಾಯವಾದರೆ ಕಾರ್ಖಾನೆಯವರು ಇಲಾಖೆಗೆ ತಿಳಿಸಲೇಬೇಕು. ಕರ್ನಾಟಕದಲ್ಲಿ ಅದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಇದರ ಮುಖ್ಯ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ಇನ್ನು ಹಣದ ಮಾತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಇರಬೇಕು. ಕೆಲಸಗಾರನ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಚಿಕಿತ್ಸೆಯೂ, ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ಸುಮಾರು ಶೇ 90ರಷ್ಟು ಭತ್ಯೆಯೂ, ಶಾಶ್ವತ ಊನವಾದರೆ ಅದರ ಪ್ರಮಾಣಕ್ಕೆ ತಕ್ಕ ಜೀವನಪರ್ಯಂತ ಪಿಂಚಣಿಯೂ ಅದರಿಂದ ಸಿಗುತ್ತದೆ. ಹೆಸರು ನೋಂದಾಯಿಸದೆ ತಿಂಗಳುಗಟ್ಟಲೆ ದುಡಿಸಿ, ಅಪಘಾತವಾದ ದಿನ ಓಡಿಹೋಗಿ ಹೆಸರು ಬರೆಸುವುದು ಮಾಲೀಕರಿಗೇ ಉರುಳಾಗುತ್ತದೆ.

ಇಎಸ್‌ಐ ಇಲ್ಲದವರಿಗೆ ಪರಿಹಾರದ ಕಾನೂನು ಇದೆ. 1923ರಷ್ಟು ಹಳೆಯ ಕಾಯ್ದೆ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಲೆಕ್ಕ ಹೀಗೆ ನಡೆಯುತ್ತದೆ. ಕೆಲಸಗಾರನಿಗೆ 30 ವರ್ಷ, ಸಂಬಳ 15,000 ರೂಪಾಯಿ ಎನ್ನಿ. ಸಂಬಳದ ಶೇ 60 ಎಂದರೆ 9,000. 30ರ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 207.98. ಗುಣಿಸಿದರೆ 18,71,820 ರೂಪಾಯಿ, ಅದು ಪೂರ್ತಿ ಊನದ ಮೊತ್ತ. ತೋರುಬೆರಳು ಪೂರ್ತಿ ಹೋದರೆ ಶೇ 14 ಊನ ಎಂದು ಪಟ್ಟಿ ಹೇಳುತ್ತದೆ, ಅಲ್ಲಿಗೆ ಸುಮಾರು 2,62,055 ರೂಪಾಯಿ. ಒಂದು ಕೈಯ ಎರಡು ಬೆರಳಾದರೆ ಶೇ 20, ಅಂದರೆ 3,74,364. ಹೆಬ್ಬೆರಳೊಂದಕ್ಕೇ ಶೇ 30. ‘ಆಸ್ಪತ್ರೆ ಖರ್ಚು ನೋಡ್ಕೊಂಡಿದ್ದೀವಿ, ಇಪ್ಪತ್ತೈದು ಸಾವಿರ ಇಟ್ಕೋ ಅಪ್ಪಾ’ ಎಂದು ಹೇಳಿ ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದಕ್ಕೂ ಕಾನೂನಿನ ಬೆಲೆಯಿಲ್ಲ. ಆದರೂ ಸಹಿ ಹಾಕಬೇಡಿ, ಕಾರ್ಮಿಕ ಇಲಾಖೆಯ ಕಚೇರಿಗೆ ತಡಮಾಡದೆ ಹೋಗಿ.

ಇಲ್ಲಿ ಮೊದಲು ಎತ್ತಿದ ಮಾತಿಗೆ ಮರಳಬೇಕು. ಕೆಲಸಗಾರನ ಗಮನ ತಪ್ಪಿತ್ತು ಎಂಬುದು ಪರಿಹಾರ ತಪ್ಪಿಸಲು ಕಾರಣವಾಗುವುದಿಲ್ಲ. ಕುಡಿದಿದ್ದ, ಸುರಕ್ಷತೆಯ ಸ್ಪಷ್ಟ ಆಜ್ಞೆಯನ್ನು ಬೇಕೆಂದೇ ಮೀರಿದ, ಗಾರ್ಡನ್ನು ಬೇಕೆಂದೇ ತೆಗೆದ, ಈ ಮೂರನ್ನು ಮಾತ್ರ ಮಾಲೀಕರು ಎತ್ತಬಹುದು. ಸಾವು ಅಥವಾ ಪೂರ್ತಿ ಶಾಶ್ವತ ಊನವಾದಾಗ ಅವೂ ನಡೆಯುವುದಿಲ್ಲ. ಹಾಗಾಗಿ ಕೆಲಸಗಾರರಿಗೆ ನನ್ನ ಮಾತು: ಗಾರ್ಡನ್ನು ನಿಮ್ಮ ಕೈಯಾರೆ ಬಿಚ್ಚಬೇಡಿ. ಬಿಚ್ಚು ಎಂದು ಹೇಳಿದರೆ ಯಾರು ಹೇಳಿದರು, ಯಾವತ್ತು ಹೇಳಿದರು ಎಂದು ಗುರುತಿಟ್ಟುಕೊಳ್ಳಿ, ಸಾಧ್ಯವಾದರೆ ವಾಟ್ಸ್‌ಆ್ಯಪ್‌ನಲ್ಲೇ ‘ಗಾರ್ಡ್ ಬಿಚ್ಚಲು ಹೇಳಿದ್ದೀರಿ, ಬಿಚ್ಚಲೇ?’ ಎಂದು ಕೇಳಿ. ಪ್ರಾಣಕ್ಕೆ ಸಂಚಕಾರ ಎನಿಸಿದರೆ ಮಾಲೀಕರಿಗೂ ಅದೇ ಹೊತ್ತಿಗೆ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ಸಂಹಿತೆಯ 14ನೇ ಕಲಂ ಕೊಟ್ಟಿದೆ.

ಮಾಲೀಕರಲ್ಲಿ ಒಂದು ವಿನಂತಿ. ಆಯುಧಪೂಜೆಗೆ ಹೇಗೂ ಒಂದು ದಿನ ಯಂತ್ರ ನಿಲ್ಲಿಸುತ್ತೀರಿ. ಹಿಂದಿನ ದಿನವೇ ಮೆಕ್ಯಾನಿಕ್‌ನನ್ನು ಕರೆಸಿ, ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ ಬೀಗದ ಕೈ ನಿಮ್ಮ ಜೇಬಿನಲ್ಲಿಟ್ಟುಕೊಂಡು, ಫ್ಲೈವೀಲ್ ಪೂರ್ತಿ ನಿಂತ ಮೇಲೆ ಪ್ರತಿ ಪ್ರೆಸ್‌ನ ಕ್ಲಚ್ ಕೀ, ಸ್ಪ್ರಿಂಗ್, ಬ್ರೇಕ್ ಬಿಚ್ಚಿ ನೋಡಿಸಿ. ಸವೆದದ್ದನ್ನು ಬದಲಿಸಿ. ಪೆಡಲ್ ಮೇಲೆ ಏನಾದರೂ ಬಿದ್ದು ಒತ್ತಿಹೋಗದಂತೆ ಒಂದು ಮುಚ್ಚಳ ಹಾಕಿಸಿ. ಕೊನೆಗೆ, ಗೋಡೆಯ ಮೇಲಿನ ಆ ಜಾಲರಿಯನ್ನು ಇಳಿಸಿ ಪ್ರೆಸ್‌ಗೆ ಬೋಲ್ಟ್ ಹಾಕಿ ಕೂರಿಸಿ, ಆಮೇಲೆ ಕುಂಕುಮ ಹಚ್ಚಿ. ಮರುದಿನ ಅಪ್ಪನ ಯಂತ್ರ ನೋಡಲು ಮಕ್ಕಳು ಬರುತ್ತಾರೆ.